ಎಷ್ಟು ಹೆಜ್ಜೆಗೆ ಓಡಿತು

ನೋಟೀಸಿನ ಕೊನೆಯಲ್ಲಿ ತನ್ನ ಹೆಸರಿದೆ ಎಂದು ಗೊತ್ತಾದಾಗ ಕಾಳಕ್ಕ ಕುರಿಯೊಂದರ ಗೊರಸಿಗೆ ಹೊಕ್ಕಿದ್ದ ಜಾಲಿಮುಳ್ಳು ತೆಗೆಯುತ್ತಿದ್ದಳು. ಓದಿ ಹೇಳಿದವನು ಪಕ್ಕದ ಹಟ್ಟಿಯ ಗುಡ್ಡಪ್ಪ. ಅವನದೂ ನೂರು ಕುರಿಯ ಮಂದೆ. ಬೇಕೆಂದೇ ನಿಧಾನವಾಗಿ, ಒಂದೊಂದು ಪದವನ್ನೂ ಅಗಿದು ಓದಿದ.

“‘ಬೂದಿಕಲ್ಲು ಗುಡ್ಡದಲ್ಲಿ ಕುರಿ ಮೇಯಿಸುವುದರಿಂದ ಓತಿ ಮೊದಲಾದ ಪ್ರಾಣಿಗಳು ಭಯಭೀತವಾಗಿರುವುದು ಅಧ್ಯಯನದಿಂದ ಸಾಬೀತಾಗಿದ್ದು, ಇನ್ನು ಮುಂದೆ ಮೇಯಿಸುವುದನ್ನು ನಿಷೇಧಿಸಲಾಗಿದೆ.’ ಕೆಳಗೆ ಕೇಳು ಕಾಳಕ್ಕ. ‘ಅಧ್ಯಯನ, ಕುಮಾರಿ ಶಿವಗಂಗಾ. ಸ್ಥಳೀಯ ಸಹಾಯ, ಕಾಳಮ್ಮ ಕೋಂ ಪಾಪಣ್ಣ.’ ನಿನ್ನ ಗಂಡನ ಹೆಸರನ್ನೂ ಬಿಟ್ಟಿಲ್ಲ ನೋಡು.”

ಕಾಳಕ್ಕ ಮುಳ್ಳು ಕಿತ್ತು ಎಸೆದಳು. ಮೈಯೆಲ್ಲ ಉರಿದುಹೋಯಿತು. ಅದು ಎಂಬತ್ತೇಳನೇ ಇಸವಿಯ ಶ್ರಾವಣ. ತುರುವನೂರಿನ ಆಚೆಯ ಹೊಲಗಳಲ್ಲೆಲ್ಲ ಶೇಂಗಾ, ಸಜ್ಜೆ ಎದ್ದು ನಿಂತಿದ್ದವು. ಸುಗ್ಗಿಯಾದ ಮೇಲೆ ಅದೇ ಹೊಲದವರು ಗೊಬ್ಬರಕ್ಕಾಗಿ ರಾತ್ರಿ ಹೊಲದಲ್ಲಿ ಕುರಿ ತರುಬಿಸಲು ಮನೆ ಬಾಗಿಲಿಗೆ ಬಂದು ಕರೆಯುತ್ತಾರೆ. ಅಲ್ಲಿಯವರೆಗೆ ಮಂದೆ ಕಾಲಿಡುವುದಕ್ಕೆ ಇರುವುದು ಬೂದಿಕಲ್ಲು ಗುಡ್ಡ ಒಂದೇ. ಅವಳ ಎಪ್ಪತ್ತು ಕುರಿ, ಗುಡ್ಡಪ್ಪನ ನೂರು, ಉಳಿದ ಹಟ್ಟಿಯವರದು ಎಷ್ಟೋ. ಅದನ್ನು ಮುಚ್ಚಿದರೆ ಕುರಿಯ ಬಾಯಿಯನ್ನೇ ಹೊಲಿದಂತೆ.

“ನೀನೇ ತಾನೇ ಟೇಪು ಹಿಡ್ದು ಅಳ್ದು ಕೊಟ್ಟೋಳು,” ಅಂದ ಗುಡ್ಡಪ್ಪ. “ನಮ್ಮ ಕುರಿ ಬಾಯಿಗೆ ಮಣ್ಣು ಹಾಕ್ದೆ.”

“ನಾನು ಅಳ್ದಿದ್ದು ಓತಿ ಓಡಿದ್ದನ್ನ. ಯಾಕೆ ಓಡ್ತು ಅಂತ ಬರ್ದೋಳು ಅವಳು.”

“ಅದನ್ನ ಬಂದು ರೇಂಜರಿಗೆ ಹೇಳು. ನಾಳೆ ಬರ್ತಾರಂತೆ, ಕಂದಕ ತೋಡಿಸೋಕೆ. ನಿಮ್ಮ ಮೇಡಮ್ಮನೂ ಬರ್ತಾಳಂತೆ.”

ಗುಡ್ಡಪ್ಪ ಹೋದ. ಪಾಪಣ್ಣ ಗುಡಿಸಲ ಬಾಗಿಲಲ್ಲಿ ಕೂತು ಹಗ್ಗ ಹೊಸೆಯುತ್ತಲೇ ಇದ್ದ. ಅದೇ ಕಾಳಕ್ಕನಿಗೆ ಇನ್ನೂ ಸಿಟ್ಟು ತರಿಸಿತು. ಬೈದಿದ್ದರೆ ತಿರುಗಿಸಿ ಬೈಯಬಹುದಿತ್ತು.

ಶಿವಗಂಗಾ ಬಂದದ್ದು ಎರಡು ವರ್ಷದ ಹಿಂದೆ. ಹೊಳಲ್ಕೆರೆಯ ವ್ಯಾಪಾರಸ್ಥರ ಮನೆ ಹುಡುಗಿ, ದೊಡ್ಡ ಓದು ಓದುತ್ತಿದ್ದಳು. ಓತಿಕ್ಯಾತ, ಹಾವುರಾಣಿ, ಹಲ್ಲಿ ಇವೆಲ್ಲ ಗಿಡುಗ, ಕೆಂಬೂತ, ಹಾವುಗಳ ಬಾಯಿಂದ ಹೇಗೆ ತಪ್ಪಿಸಿಕೊಳ್ಳುತ್ತವೆ ಅನ್ನುವುದು ಅವಳ ಓದು. ಇದನ್ನು ಕೇಳಿ ಹಟ್ಟಿಯವರು ಬಿದ್ದು ಬಿದ್ದು ನಕ್ಕಿದ್ದರು. ಒಂಟಿ ಹೆಣ್ಣುಮಗಳನ್ನು ಗುಡ್ಡಕ್ಕೆ ಕಳಿಸಲು ಅವಳ ಅಪ್ಪ ಒಪ್ಪಲಿಲ್ಲ. ಜೊತೆಗೆ ಹೆಂಗಸೊಬ್ಬಳು ಬೇಕು, ಗುಡ್ಡ ಬಲ್ಲವಳಾಗಬೇಕು, ಬಾಯಿ ಜೋರಿರಬೇಕು ಎಂದು ವಿಚಾರಿಸಿದಾಗ ಎಲ್ಲರೂ ಕಾಳಕ್ಕನನ್ನು ತೋರಿಸಿದರು. ಮಂದೆಯನ್ನು ಪಾಪಣ್ಣನಿಗೆ ಒಪ್ಪಿಸಿ ಕಾಳಕ್ಕ ಅವಳ ಹಿಂದೆ ಹೊರಟಳು. ಮಕ್ಕಳಿಲ್ಲದವಳು. ಹುಡುಗಿಯ ಮೇಲೆ ಅಕ್ಕರೆ ಬರಲು ಎರಡು ದಿನ ಸಾಕಾಯಿತು.

ಕೆಲಸ ಸುಲಭದ್ದೇ. ಬಂಡೆ ಮೇಲೆ ಓತಿ ಕಂಡರೆ ಶಿವಗಂಗಾ ಅದರ ಕಡೆಗೆ ನೆಟ್ಟಗೆ, ಒಂದೇ ಸಮನೆ ಹೆಜ್ಜೆ ಹಾಕಿಕೊಂಡು ಹೋಗಬೇಕು. ಅದು ಓಡಿದ ಕ್ಷಣ ತಾನು ನಿಂತಲ್ಲೇ ಒಂದು ಕಲ್ಲು ಬಿಡಬೇಕು. ಕಲ್ಲಿನಿಂದ ಓತಿ ಕೂತಿದ್ದ ಜಾಗದವರೆಗೆ ಕಾಳಕ್ಕ ಟೇಪು ಹಿಡಿಯಬೇಕು. ಹೆಚ್ಚು ದೂರದಲ್ಲೇ ಓಡಿದರೆ ಹೆಚ್ಚು ಭಯ, ಹತ್ತಿರ ಬಿಟ್ಟುಕೊಂಡರೆ ಕಡಿಮೆ ಭಯ. ಲೆಕ್ಕ ಅಷ್ಟೇ.

ಎರಡು ಗುಡ್ಡದಲ್ಲಿ ಅಳೆದರು. ಒಂದು ಕುರಿ ಮೇಯುವ ಬೂದಿಕಲ್ಲು. ಇನ್ನೊಂದು ಅದರ ಪಕ್ಕದಲ್ಲಿ ಅರಣ್ಯ ಇಲಾಖೆಯವರು ತಂತಿ ಬೇಲಿ ಹಾಕಿ ಕಾಯುತ್ತಿದ್ದ ಗುಡ್ಡ, ಹಟ್ಟಿಯವರ ಬಾಯಲ್ಲಿ ಬೇಲಿಗುಡ್ಡ. ಅಳೆದದ್ದನ್ನೇ ಮತ್ತೆ ಅಳೆಯಬಾರದು, ಹಾಗಾಗಿ ಪ್ರತಿ ಓತಿಗೂ ಗುರುತು ಬೇಕು ಅಂದಳು ಶಿವಗಂಗಾ. ಹಿಡಿಯುವ ಉಪಾಯ ಹೇಳಿಕೊಟ್ಟವಳು ಕಾಳಕ್ಕ. ದುರ್ಗದ ಜಟಕಾದವನಿಂದ ಕುದುರೆ ಬಾಲದ ಕೂದಲು ತರಿಸಿ, ಉದ್ದ ಕೋಲಿನ ತುದಿಗೆ ಕುಣಿಕೆ ಕಟ್ಟಿದಳು. ಕೂದಲು ಓತಿಗೆ ಕಾಣುವುದಿಲ್ಲ. ತಲೆ ಕುಣಿಸುತ್ತಾ ಕೂತಿರುವಾಗಲೇ ಕುಣಿಕೆ ಕೊರಳಿಗೆ ಬೀಳುತ್ತದೆ. ಹೀಗೆ ಹಿಡಿದು ಕೊಟ್ಟದ್ದನ್ನು ಶಿವಗಂಗಾ ಅಂಗೈಯಲ್ಲಿಟ್ಟು ಪುಟ್ಟ ಕತ್ತರಿಯಿಂದ ಬೆರಳೊಂದರ ತುದಿ ಕತ್ತರಿಸುತ್ತಿದ್ದಳು. ಮೊದಲ ಸಲ ಕಾಳಕ್ಕ ಅವಳ ಕೈ ಹಿಡಿದುಕೊಂಡಿದ್ದಳು.

“ಬಣ್ಣ ಹಚ್ಚು ಗಂಗಮ್ಮ, ಬೆರಳು ಯಾಕೆ ಕಡೀತೀಯ?”

“ಪೊರೆ ಬಿಟ್ಟರೆ ಬಣ್ಣ ಹೋಗುತ್ತೆ ಕಾಳಕ್ಕ. ಎಲ್ಲಾ ಕಡೆ ಹೀಗೇ ಮಾಡೋದು.”

ಕಾಳಕ್ಕ ಕೈ ಬಿಟ್ಟಳು. ಆಮೇಲೆ ಅರವತ್ತನ್ನೋ ಎಪ್ಪತ್ತನ್ನೋ ತಾನೇ ಹಿಡಿದುಕೊಟ್ಟಳು. ಈಗ ಅದನ್ನು ನೆನೆದರೆ ತನ್ನ ಕೈಗಳ ಮೇಲೇ ಸಿಟ್ಟು ಬರುತ್ತಿತ್ತು. ಬೇಲಿಗುಡ್ಡದಲ್ಲಿ ಮಾತ್ರ ಗಾರ್ಡು ಮರುಳಸಿದ್ದಪ್ಪ ಕೋಲು ಒಳಗೆ ಬಿಡಲಿಲ್ಲ. ಅಳೆದುಕೊಳ್ಳಿ, ಹಿಡಿಯುವ ಹಾಗಿಲ್ಲ ಅಂದ. ಅಲ್ಲಿನ ಓತಿಗಳ ಬೆರಳು ಉಳಿದವು. ಅವು ಹತ್ತಿರ ಬಿಟ್ಟುಕೊಂಡವು, ಬೂದಿಕಲ್ಲಿನವು ದೂರದಲ್ಲೇ ಓಡಿದವು.

ಇನ್ನೊಂದಿತ್ತು. ಮೊದಲ ದಿನ ಕಾಳಕ್ಕ ಎಂದಿನಂತೆ ಕಂಬಳಿ ಹೊದ್ದು ಬಂದಿದ್ದಳು. ಇಬ್ಬರ ಉಡುಪೂ ಒಂದೇ ತರ ಇರಬೇಕು, ಇಲ್ಲದಿದ್ದರೆ ಅಳತೆ ತಪ್ಪುತ್ತದೆ ಎಂದು ಶಿವಗಂಗಾ ಎರಡು ಖಾಕಿ ಅಂಗಿ ತಂದಳು. ಸೀರೆಯ ಮೇಲೆ ಖಾಕಿ ಅಂಗಿ ತೊಟ್ಟ ಕಾಳಕ್ಕನನ್ನು ನೋಡಿ ಪಾಪಣ್ಣ ಮೂರು ದಿನ ಕದ್ದು ಕದ್ದು ನಕ್ಕ.

ಅದೇ ವರ್ಷ ಮಳೆ ಹಿಂದೆಗೆಯುವ ಹೊತ್ತಿಗೆ ಇಬ್ಬರೂ ಘಟ್ಟದ ಕಾಡಿಗೆ ಹೋಗಿ ಇಪ್ಪತ್ತು ದಿನ ಇದ್ದರು. ಮಳೆಕಾಡಿನ ಓತಿ ಏನು ಮಾಡುತ್ತದೆ, ಬಯಲಿನದು ಏನು ಮಾಡುತ್ತದೆ, ಎರಡನ್ನೂ ಹೋಲಿಸಬೇಕಿತ್ತು. ಬಯಲುಸೀಮೆಯ ಕಾಳಕ್ಕನಿಗೆ ಆ ಕಾಡು ಉಸಿರು ಕಟ್ಟಿಸಿತು. ತಲೆ ಎತ್ತಿದರೆ ಆಕಾಶವಿಲ್ಲ, ಕಾಲು ಇಟ್ಟರೆ ರಕ್ತ ಹೀರುವ ಇಂಬಳ. ಮೂರು ದಿನ ಒಂದು ಓತಿಯೂ ಕಾಣಲಿಲ್ಲ. ಶಿವಗಂಗಾ ಅಳುವ ಹಾಗಾಗಿದ್ದಳು. ನಾಲ್ಕನೇ ದಿನ ಕಾಳಕ್ಕ ಒಂದು ಬೇರಿನ ಮೇಲೆ ಕೂತು ಎದುರಿನ ಮರದ ಇರುವೆ ಸಾಲು ನೋಡತೊಡಗಿದಳು. ಸಾಲು ದಟ್ಟವಾಗಿ ಹತ್ತುತ್ತಿತ್ತು. ಆಳೆತ್ತರದಲ್ಲಿ ಒಂದು ಕಡೆ ಮಾತ್ರ ಇದ್ದಕ್ಕಿದ್ದಂತೆ ತೆಳುವಾಗುತ್ತಿತ್ತು. ಇರುವೆ ಯಾರದೋ ಹೊಟ್ಟೆಗೆ ಹೋಗುತ್ತಿರಬೇಕಲ್ಲ. ಅಲ್ಲೇ ಕಣ್ಣು ನೆಟ್ಟಳು. ತೊಗಟೆ ಕಣ್ಣು ಮಿಟುಕಿಸಿತು.

ಅದು ಹಾರುವ ಓತಿ. ಮೈಯನ್ನು ಬೊಡ್ಡೆಗೆ ಎಷ್ಟು ಒತ್ತಿಕೊಂಡಿತ್ತೆಂದರೆ ನೆರಳು ಕೂಡ ಬೀಳುತ್ತಿರಲಿಲ್ಲ. ಹತ್ತಿರ ಹೋದರೆ ಓಡಲಿಲ್ಲ, ಮರದ ಆ ಬದಿಗೆ ಸರಿಯಿತು. ಆ ಬದಿಗೆ ಹೋದರೆ ಈ ಬದಿಗೆ ಬಂತು. ಯಾವಾಗಲೂ ಮರವನ್ನು ನಡುವೆ ಇಟ್ಟುಕೊಂಡೇ ಇರುತ್ತಿತ್ತು. ಎರಡೂ ಕಡೆಯಿಂದ ಇಬ್ಬರೂ ಹೋದಾಗ ಮೇಲೆ ಹತ್ತಿತು. ಇನ್ನು ದಾರಿಯೇ ಇಲ್ಲ ಅನ್ನುವಾಗ ಪಕ್ಕೆಯ ಚರ್ಮ ಬಿಚ್ಚಿ ಆಚೆ ಮರಕ್ಕೆ ತೇಲಿಹೋಯಿತು. ಶಿವಗಂಗಾ ಕಾಳಕ್ಕನನ್ನು ತಬ್ಬಿಕೊಂಡು ಅತ್ತಳು.

“ನೋಡಿದೆಯಾ ಕಾಳಕ್ಕ, ಇಲ್ಲಿ ಅಡಗೋಕೆ ಮರ ಇದೆ, ಓಡೋ ಗರಜೇ ಇಲ್ಲ. ನಿಮ್ಮ ಗುಡ್ಡದಲ್ಲಿ ಕುರಿ ಎಲ್ಲಾ ಬೋಳಿಸಿಬಿಟ್ಟಿವೆ. ಅದಕ್ಕೇ ಅಲ್ಲಿನವು ಅಷ್ಟು ದೂರದಲ್ಲೇ ಓಡೋದು.”

“ಅದಕ್ಕಲ್ಲ ಗಂಗಮ್ಮ. ನಮ್ಮ ಓತಿಗೆ ಕುರಿ ಕಂಡ್ರೆ ಖುಷಿ. ಕುರಿ ನಡೆದ್ರೆ ಮಿಡತೆ ಏಳ್ತವೆ, ಅವು ತಿಂತವೆ. ಅವು ಓಡೋದು ನಿನ್ನ ಖಾಕಿ ನೋಡಿ, ನನ್ನ ಕೋಲು ನೋಡಿ. ಬೆರಳು ಕಡಿಸ್ಕೊಂಡೋರು ಹತ್ರ ಬಿಟ್ಕಂತಾರಾ?”

ಶಿವಗಂಗಾ ನಕ್ಕಳು. ಪುಸ್ತಕ ತೆಗೆದು ತೋರಿಸಿದಳು. ಅದರಲ್ಲಿ ಬಿಸಿಲಿಗೆ ಒಂದು ಕಾಲಂ ಇತ್ತು, ಗಾಳಿಗೆ ಒಂದು, ಬಂಡೆಯ ಎತ್ತರಕ್ಕೆ ಒಂದು, ದೂರಕ್ಕೆ ಒಂದು. “ನೀನು ಹೇಳಿದ್ದನ್ನು ಬರೆಯೋಕೆ ಕಾಲಂ ಎಲ್ಲಿದೆ ಹೇಳು,” ಅಂದಳು. ಗೆರೆ ಹಾಕಿದವಳು ನೀನೇ ತಾನೇ, ಇನ್ನೊಂದು ಹಾಕು ಅನ್ನಬೇಕಿತ್ತು ಕಾಳಕ್ಕ. ಅನ್ನಲಿಲ್ಲ. ಅವತ್ತು ರಾತ್ರಿಯೇ ಹುಡುಗಿಗೆ ಚಳಿಜ್ವರ ಹತ್ತಿತು. ಐದು ದಿನ ಕಾಳಕ್ಕ ತನ್ನ ಕಂಬಳಿಯನ್ನು ಅವಳಿಗೆ ಹೊದೆಸಿ ತಾನು ಗೋಣಿಚೀಲ ಹೊದ್ದು ಕೂತು ಗಂಜಿ ಕುಡಿಸಿದಳು. ಮಾತು ಅಲ್ಲಿಗೇ ನಿಂತಿತು.

ನೋಟೀಸು ಓದಿಸಿಕೊಂಡ ಮರುದಿನ ಬೆಳಿಗ್ಗೆ ಜೀಪು ಗುಡ್ಡದ ಬುಡಕ್ಕೆ ಬಂದಾಗ ಕಾಳಕ್ಕ ಆಗಲೇ ಮಂದೆ ಸಮೇತ ಅಲ್ಲಿದ್ದಳು. ಕಂದಕ ತೋಡುವವರು ಹತ್ತು ಮಾರು ತೋಡಿದ್ದರು. ರೇಂಜರು ಶಿವಕುಮಾರಪ್ಪ ಹೊಸಬರು, ಖಾಕಿಯ ಗರಿ ಇನ್ನೂ ಮುರಿದಿರಲಿಲ್ಲ. ಮರುಳಸಿದ್ದಪ್ಪ ಹಿಂದೆ ನಿಂತಿದ್ದ. ಶಿವಗಂಗಾ ಒಳ್ಳೆಯ ಸೀರೆ ಉಟ್ಟಿದ್ದಳು. ಬರುವ ತಿಂಗಳು ಅವಳಿಗೆ ಪದವಿ ಬರುತ್ತದೆ, ಕಾಲೇಜಿನಲ್ಲಿ ಕೆಲಸವೂ ನಿಗದಿಯಾಗಿದೆ ಎಂದು ಮರುಳಸಿದ್ದಪ್ಪ ಮೊದಲೇ ಹೇಳಿದ್ದ. ಕಾಳಕ್ಕನನ್ನು ಕಂಡು ಅವಳು ಮುಂದೆ ಬಂದಳು.

“ಚೆನ್ನಾಗಿದ್ದೀಯ ಕಾಳಕ್ಕ? ನಿನ್ನ ಹೆಸರು ಹಾಕಿಸಿದ್ದೀನಿ, ನೋಡಿದೆಯಾ?”

ಹುಡುಗಿ ಅದನ್ನು ನಿಜವಾಗಿಯೂ ಉಪಕಾರ ಎಂದೇ ತಿಳಿದಿದ್ದಳು.

“ನೋಡ್ದೆ. ನನ್ನ ಹೆಸರಲ್ಲೇ ನನ್ನ ಕುರಿ ಹೊಟ್ಟೆಗೆ ಕಲ್ಲು ಹಾಕಿದೀಯ. ಸಾಹೇಬ್ರೆ, ನಿಮ್ಮ ಕಾಗದ ಸುಳ್ಳು ಹೇಳ್ತೈತೆ. ಕಣ್ಣಾರೆ ತೋರಿಸ್ತೀನಿ, ಅರ್ಧ ಗಂಟೆ ನಿಲ್ರಿ. ಆಮೇಲೆ ಬೇಕಾದ್ರೆ ತೋಡ್ಕಳ್ರಿ.”

“ಹೋಗಮ್ಮ ಸುಮ್ಮನೆ,” ಅಂದ ಮರುಳಸಿದ್ದಪ್ಪ. ಆದರೆ ರೇಂಜರಿಗೆ ಕುತೂಹಲ ಬಂದಿತ್ತು. ಬಿಸಿಲು ಇನ್ನೂ ಏರಿರಲಿಲ್ಲ. “ಏನು ತೋರಿಸ್ತೀಯ?” ಎಂದು ಕೇಳಿದರು.

ಕಾಳಕ್ಕ ಎಲ್ಲರನ್ನೂ ದೊಡ್ಡ ಬಂಡೆಯ ಹತ್ತಿರ ಕರೆದುಕೊಂಡು ಹೋಗಿ ದೂರದಲ್ಲೇ ನಿಲ್ಲಿಸಿದಳು. ಬಂಡೆಯ ನೆತ್ತಿಯಲ್ಲಿ ಒಂದು ಗಂಡು ಓತಿ ಕೆಂಪು ಗಂಟಲು ಉಬ್ಬಿಸಿ ಕೂತಿತ್ತು. ಅದಕ್ಕೆ ಅವಳು ಗೌಡ ಎಂದು ಹೆಸರಿಟ್ಟಿದ್ದಳು. ಅದರ ಬಲಗೈಯಲ್ಲಿ ಒಂದು ಬೆರಳು ಮೊಂಡು. ಆ ಬೆರಳು ಯಾರ ಕತ್ತರಿಗೆ ಹೋಯಿತು ಅನ್ನುವುದು ಶಿವಗಂಗಾಗೂ ಗೊತ್ತಿತ್ತು.

“ಸಾಹೇಬ್ರೆ, ಇದನ್ನ ನೀವು ಮುಂಚೆ ನೋಡಿಲ್ಲ. ಅದೂ ನಿಮ್ಮನ್ನ ನೋಡಿಲ್ಲ. ಈ ಮೇಡಮ್ಮ ನಡೀತಿದ್ಲಲ್ಲ, ಹಂಗೇ ನೆಟ್ಟಗೆ ಹೋಗ್ರಿ. ಅದು ಓಡಿದ ಕೂಡ್ಲೇ ಈ ಕಲ್ಲು ಬಿಡ್ರಿ.”

ರೇಂಜರು ಕಲ್ಲು ಹಿಡಿದು ಹೊರಟರು. ನಾಲ್ಕು ಹೆಜ್ಜೆ ಹಾಕಿದ್ದರೋ ಇಲ್ಲವೋ, ಗೌಡ ಬಿರುಕಿನೊಳಗೆ ಮಾಯವಾಯಿತು. ಕಲ್ಲಿನಿಂದ ಬಂಡೆಗೆ ಕಾಳಕ್ಕ ಹೆಜ್ಜೆ ಹಾಕಿ ಎಣಿಸಿದಳು. ಇಪ್ಪತ್ತೆರಡು.

“ಸರಿಯಾಗೇ ಇದೆಯಲ್ಲಮ್ಮ. ವರದಿಯಲ್ಲೂ ಹಾಗೇ ಇದೆ,” ಅಂದರು ರೇಂಜರು.

“ತಡೀರಿ. ಈಗ ಈ ಕಂಬಳಿ ಹೊದ್ಕಳ್ರಿ.”

ಶಿವಕುಮಾರಪ್ಪ ಮೂಗು ಮುರಿದರು. ಕಂಬಳಿ ಕುರಿ ನಾತ ಹೊಡೆಯುತ್ತಿತ್ತು. ಆದರೂ ಕಂದಕ ತೋಡುವವರೆಲ್ಲ ಗುದ್ದಲಿ ಊರಿ ನಿಂತು ನೋಡುತ್ತಿದ್ದರಲ್ಲ, ಹಿಂದೆ ಸರಿಯಲಾಗಲಿಲ್ಲ. ತಲೆಯ ಮೇಲಿಂದ ಖಾಕಿ ಕಾಣದ ಹಾಗೆ ಕಾಳಕ್ಕ ಕೊಪ್ಪೆ ಹಾಕಿಕೊಟ್ಟಳು. ಗೌಡ ಮತ್ತೆ ಬಿಸಿಲಿಗೆ ಬರುವವರೆಗೆ ಎಲ್ಲರೂ ಕಾದರು. ಆಮೇಲೆ ಅವಳು ಬಾಯಲ್ಲಿ ಸದ್ದು ಮಾಡಿ ಮಂದೆಯನ್ನು ಬಂಡೆಯ ಕಡೆ ಬಿಟ್ಟಳು.

“ಕುರಿ ಜೊತೆ ಕುರಿ ಆಗಿ ಹೋಗ್ರಿ. ಅದೇ ದಾರಿ, ಅವೇ ಹೆಜ್ಜೆ.”

ಎಪ್ಪತ್ತು ಕುರಿ ಸರಬರ ಸದ್ದು ಮಾಡುತ್ತಾ ಹುಲ್ಲಿನಲ್ಲಿ ನಡೆದವು. ಮಿಡತೆಗಳು ಎದ್ದವು. ಗೌಡ ತಲೆ ಎತ್ತಿತು. ಓಡಲಿಲ್ಲ. ಕುರಿಗಳು ಬಂಡೆಯ ಎರಡೂ ಬದಿಗೆ ಹರಿದವು. ರೇಂಜರು ಹತ್ತು ಹೆಜ್ಜೆ ದೂರಕ್ಕೆ ಬಂದರು, ಐದಕ್ಕೆ ಬಂದರು. ಗೌಡ ಬಂಡೆಯಿಂದ ಸರಕ್ಕನೆ ಇಳಿದು ಒಂದು ಕುರಿಯ ಮುಂಗಾಲ ಪಕ್ಕದಲ್ಲೇ ಮಿಡತೆ ಹಿಡಿದು, ಮತ್ತೆ ಮೇಲೇರಿ ಕೂತು ಅಗಿಯಿತು. ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ರೇಂಜರು ಕಂಬಳಿಯೊಳಗೆ ಬೆವರುತ್ತಾ ನಿಂತಿದ್ದರು. ತೋಡುವವರಲ್ಲೊಬ್ಬ ನಕ್ಕೇಬಿಟ್ಟ.

ಕಾಳಕ್ಕ ನಗಲಿಲ್ಲ. ಅವಳು ನೋಡುತ್ತಿದ್ದದ್ದು ಶಿವಗಂಗಾಳ ಮುಖವನ್ನು. ಆ ಮುಖ ಬಿಳಿಚಿತ್ತು. ಗೊತ್ತಾಗಿದೆ, ಹುಡುಗಿಗೆ ಎಲ್ಲಾ ಗೊತ್ತಾಗಿದೆ. ಈಗ ಒಂದು ಮಾತು ಹೇಳಿದರೆ ಸಾಕು. ತಪ್ಪಾಯಿತು ಅನ್ನುವುದೂ ಬೇಡ, ಇನ್ನೊಮ್ಮೆ ನೋಡೋಣ ಅಂದರೂ ಸಾಕು. ಕಾಳಕ್ಕನ ಸಿಟ್ಟು ಆ ಒಂದು ಗಳಿಗೆ ಇಳಿದೇ ಹೋಗಿತ್ತು.

ರೇಂಜರು ಕಂಬಳಿ ತೆಗೆದು ಮರುಳಸಿದ್ದಪ್ಪನ ಕೈಗೆ ಕೊಟ್ಟರು. “ಏನ್ರಿ ಮೇಡಂ ಇದು? ಬಟ್ಟೆ ನೋಡಿ ಓಡುತ್ತಲ್ರಿ. ಕುರಿಯಿಂದ ಏನೂ ಇಲ್ಲ. ಏನು ಹೇಳ್ತೀರಿ?”

ಶಿವಗಂಗಾ ಕೈಲಿದ್ದ ಕಾಗದದ ಕಟ್ಟನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು, ರೆಪ್ಪೆ ಕೂಡ ಅಲುಗುತ್ತಿರಲಿಲ್ಲ. ಹಾರುವ ಓತಿ ಹೀಗೆ ಒತ್ತಿಕೊಂಡು ನಿಲ್ಲುವುದನ್ನು ಕಾಳಕ್ಕ ಘಟ್ಟದಲ್ಲಿ ಬೇಕಾದಷ್ಟು ನೋಡಿದ್ದಳು.

“ಹೇಳು ಗಂಗಮ್ಮ,” ಅಂದಳು. “ಅಂಗಿ ತಂದೋಳು ನೀನು. ಕತ್ತರಿ ಹಿಡ್ದೋಳು ನೀನು. ಕಾಡಲ್ಲಿ ನಾನು ಹೇಳಿದ್ದೆ, ನೀನು ನಕ್ಕಿದ್ದೆ. ಹೇಳು ಸಾಹೇಬ್ರಿಗೆ.”

“ಒಂದೇ ಓತಿ, ಒಂದೇ ದಿನ,” ಶಿವಗಂಗಾ ರೇಂಜರ ಕಡೆ ತಿರುಗಿ ಹೇಳಿದಳು. ಕಾಳಕ್ಕನ ಕಡೆ ನೋಡಲಿಲ್ಲ. “ಇದರಿಂದ ಏನೂ ತೀರ್ಮಾನ ಮಾಡೋಕಾಗಲ್ಲ ಸರ್. ನನ್ನ ಹತ್ತಿರ ಎರಡು ವರ್ಷದ ಅಳತೆ ಇದೆ. ಯೂನಿವರ್ಸಿಟಿಯ ದೊಡ್ಡವರು ನೋಡಿ ಒಪ್ಪಿದ್ದಾರೆ. ವರದಿ ಇರೋ ಹಾಗೇ ಇರಲಿ.”

ರೇಂಜರಿಗೆ ನಿರಾಳವಾಯಿತು. ಕಾಗದ ಇದ್ದ ಹಾಗೇ ಇದ್ದರೆ ಅವರಿಗೂ ಕೆಲಸ ಕಮ್ಮಿ. “ಸರಿ ಮತ್ತೆ. ತೋಡ್ರಪ್ಪ,” ಅಂದರು. ಆದರೆ ತೋಡುವವರು ಯಾಕೋ ಗುದ್ದಲಿ ಎತ್ತಲಿಲ್ಲ.

ಇಳಿದಿದ್ದ ಸಿಟ್ಟು ಕಾಳಕ್ಕನ ನೆತ್ತಿಗೇರಿತು. ಅವಳನ್ನು ಸುಟ್ಟದ್ದು ಗುಡ್ಡ ಹೋಯಿತೆಂಬುದಲ್ಲ, ಗುಡ್ಡಪ್ಪನ ಕುಟುಕು ಮಾತಲ್ಲ. ಚಳಿಜ್ವರದ ಐದು ದಿನ ತನ್ನ ಕಂಬಳಿಯೊಳಗೆ ಬೆವರಿದ್ದ ಹುಡುಗಿ, ಅದೇ ಕಂಬಳಿ ಸತ್ಯ ತೋರಿಸುತ್ತಿರುವಾಗ ಮುಖ ತಿರುಗಿಸಿದ್ದಳು. ಬೈಗುಳ ನಾಲಿಗೆಯ ತುದಿವರೆಗೆ ಬಂತು. ಬೈಯಲಿಲ್ಲ. ನೆಲದಿಂದ ಒಂದು ಕಲ್ಲು ಎತ್ತಿಕೊಂಡಳು.

ರೇಂಜರು ಗಾಬರಿಯಾಗಿ ಒಂದು ಹೆಜ್ಜೆ ಮುಂದೆ ಬಂದರು. “ಏಯ್, ಏನಮ್ಮ ಅದು, ಕಲ್ಲು ಬಿಡು.”

“ಬಿಡ್ತೀನಿ ಸಾಹೇಬ್ರೆ. ಬಿಡೋ ಗಳಿಗೆ ಇನ್ನೂ ಬಂದಿಲ್ಲ.”

ಕಾಳಕ್ಕ ಹಿಂದಕ್ಕೆ ಹೋಗಿ, ಮೂವತ್ತು ಹೆಜ್ಜೆ ದೂರದಲ್ಲಿ ನಿಂತು, ತಿರುಗಿದಳು. ಅಲ್ಲಿಂದ ಶಿವಗಂಗಾಳ ಕಡೆಗೆ ನೆಟ್ಟಗೆ, ಒಂದೇ ಸಮನೆ ಹೆಜ್ಜೆ ಹಾಕಿಕೊಂಡು ಬರತೊಡಗಿದಳು. ಅವಸರವಿಲ್ಲ, ನಿಧಾನವೂ ಇಲ್ಲ, ಎರಡು ವರ್ಷ ಹುಡುಗಿ ಓತಿಗಳ ಕಡೆಗೆ ಹೋಗುತ್ತಿದ್ದ ಅದೇ ನಡಿಗೆ. ಕಲ್ಲು ಹಿಡಿದ ಕೈ ಮೈಗೆ ಅಂಟಿದ ಹಾಗೆ ಕೆಳಗಿತ್ತು. ಕಣ್ಣು ಹುಡುಗಿಯ ಕಣ್ಣಿನ ಮೇಲಿತ್ತು.

ಶಿವಗಂಗಾಗೆ ಆ ನಡಿಗೆ ಗೊತ್ತಾಯಿತು. ಅವಳು ಮೊದಲು ಅಲುಗಲಿಲ್ಲ. ಆಮೇಲೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು, ರೇಂಜರು ನಡುವೆ ಬರುವ ಹಾಗೆ. ಕಾಳಕ್ಕ ದಾರಿಯನ್ನು ಅಷ್ಟೇ ಓರೆ ಮಾಡಿಕೊಂಡಳು. ಹದಿನೈದು. ಹದಿನಾಲ್ಕು. “ಕಾಳಕ್ಕ, ಬೇಡ,” ಅಂದಳು ಹುಡುಗಿ. ದನಿ ಸಣ್ಣಗಾಗಿತ್ತು. ಹದಿಮೂರು. ಹನ್ನೆರಡು. ಹನ್ನೊಂದು. ಶಿವಗಂಗಾ ತಟ್ಟನೆ ತಿರುಗಿ, ಸೀರೆ ಎತ್ತಿ ಹಿಡಿದು, ಓಡುವ ಹಾಗೆಯೇ ಹೋಗಿ ಜೀಪು ಹತ್ತಿ ಬಾಗಿಲು ಎಳೆದುಕೊಂಡಳು.

ಕಾಳಕ್ಕ ನಿಂತಲ್ಲೇ ಕಲ್ಲು ಬಿಟ್ಟಳು.

ಅಲ್ಲಿಂದ ಹುಡುಗಿ ನಿಂತಿದ್ದ ಜಾಗಕ್ಕೆ ಹೆಜ್ಜೆ ಹಾಕಿ, ಎಲ್ಲರಿಗೂ ಕೇಳುವ ಹಾಗೆ ಒಂದೊಂದನ್ನೂ ಎಣಿಸಿದಳು. ಆಮೇಲೆ ಜೀಪಿನ ಕಿಟಕಿಯ ಹತ್ತಿರ ಹೋದಳು. ಶಿವಗಂಗಾ ತಲೆ ಬಗ್ಗಿಸಿ ಕೂತಿದ್ದಳು. ಕಾಗದದ ಕಟ್ಟು ಈಗಲೂ ಎದೆಯ ಮೇಲೇ ಇತ್ತು.

“ಹನ್ನೊಂದು ಹೆಜ್ಜೆ,” ಅಂದಳು ಕಾಳಕ್ಕ. “ಬರ್ಕೋ ಗಂಗಮ್ಮ. ಬಿಸಿಲು ಐತೆ, ಗಾಳಿ ಇಲ್ಲ. ನಿನ್ನ ಬೆರಳು ಯಾರೂ ಕಡ್ದಿರಲಿಲ್ಲ. ಯಾಕೆ ಓಡ್ದೆ ಅನ್ನೋದಕ್ಕೆ ಒಂದು ಕಾಲಂ ಹಾಕು. ಹಾಕಾದ ಮೇಲೆ ಬಾ, ಟೇಪು ಹಿಡೀತೀನಿ. ಅಲ್ಲೀವರೆಗೂ ನನ್ನ ಹೆಸರು ನಿನ್ನ ಕಾಗದದಲ್ಲಿ ಇರಬಾರ್ದು.”

ಕಾಳಕ್ಕ ಮರುಳಸಿದ್ದಪ್ಪನ ಕೈಯಿಂದ ಕಂಬಳಿ ಕಿತ್ತುಕೊಂಡು ಕೊಡವಿ ಹೆಗಲಿಗೆ ಹಾಕಿಕೊಂಡಳು. ಮಂದೆಗೆ ಸದ್ದು ಮಾಡಿದಳು. ಕುರಿಗಳು ಹತ್ತು ಮಾರು ಕಂದಕವನ್ನು ಬಳಸಿಕೊಂಡು ಗುಡ್ಡ ಹತ್ತತೊಡಗಿದವು. “ಆರ್ಡರ್ ಐತಮ್ಮ,” ಎಂದು ಮರುಳಸಿದ್ದಪ್ಪ ಕೂಗಿದ. ಅವಳು ತಿರುಗಿ ನೋಡಲಿಲ್ಲ. ತೋಡುವವರು ಸರಿದು ದಾರಿ ಬಿಟ್ಟರು. ರೇಂಜರು ತಡೆಯಲು ಕೈ ಎತ್ತಿದವರು ಯಾಕೋ ಜೀಪಿನ ಕಡೆ ಒಮ್ಮೆ ನೋಡಿ ಕೈ ಇಳಿಸಿದರು. ಬಂಡೆಯ ಮೇಲೆ ಗೌಡ ಅಲ್ಲೇ ಕೂತಿತ್ತು. ಕಾಳಕ್ಕ ಅದರ ಪಕ್ಕದಲ್ಲೇ ಹಾದು ಮೇಲೆ ಹೋದಳು.